ಸವಳು ನೆಲದಲ್ಲಿ ಚಿಗುರಿದ್ದನ್ನು ಅಳೆಯುವ ಮೊದಲು

ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಪಾಳಾ ಭಾಗದಲ್ಲಿ ಬಿತ್ತಿದ ಬೀಜ ಹುಟ್ಟದೇ ಹೋಗುವುದು ಕಡಿಮೆ. ಗದ್ದೆಯಲ್ಲಿ ಭತ್ತ, ಮೇಲಿನ ಹೊಲದಲ್ಲಿ ಗೋವಿನಜೋಳ ಮತ್ತು ಹತ್ತಿ, ನೀರಿನ ಆಸರೆ ಇದ್ದಲ್ಲಿ ಅಡಿಕೆ, ಕಬ್ಬು. ಬದು ದಾಟಿದರೆ ಸಾಗವಾನಿ, ಮತ್ತಿ, ಹೊನ್ನೆ, ಬಿದಿರು. ಮಳೆ ಕೈಕೊಟ್ಟು, ಹಂದಿ ನುಗ್ಗಿ, ದರ ಬಿದ್ದು ರೈತ ಸೋಲುವುದುಂಟು. ಮಣ್ಣೇ ಬೀಜವನ್ನು ಒಲ್ಲೆ ಎಂದದ್ದರಿಂದ ಸೋತೆ ಎನ್ನುವ ಮಾತು ಈ ಕಡೆ ಕೇಳಿಬರುವುದಿಲ್ಲ. ಹೀಗಾಗಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ: ದುಡಿದವನ ಹೊಲ ಹಸಿರಾಗಿರುತ್ತದೆ, ಹೊಲ ಬರಿದಾಗಿದ್ದರೆ ದುಡಿತದಲ್ಲಿ ಏನೋ ಕೊರತೆ ಇದೆ. ಈ ನಂಬಿಕೆಯನ್ನು ನಾವು ಹೊಲಕ್ಕಷ್ಟೇ ಬಿಟ್ಟಿಲ್ಲ, ಮನುಷ್ಯರಿಗೂ ಹಚ್ಚುತ್ತೇವೆ. ಮುಂದೆ ಬಂದವರನ್ನು ಕಂಡು ಗುಣವಂತರು ಎನ್ನುತ್ತೇವೆ, ಹಿಂದೆ ಉಳಿದವರನ್ನು ಕಂಡು ಅವರಿಗೆ ಹಂಬಲವೇ ಇಲ್ಲ ಎನ್ನುತ್ತೇವೆ. ಇದು ಎಷ್ಟು ತಪ್ಪು ಎಂಬುದನ್ನು ಮಣ್ಣೇ ಹೇಳಬಲ್ಲದು. ಅದಕ್ಕೆ ನಮ್ಮೂರಿನ ಮಣ್ಣನ್ನು ಬಿಟ್ಟು ಸ್ವಲ್ಪ ಮೂಡಣಕ್ಕೆ ಹೋಗಬೇಕು.

ಪಾಳಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಗಂಗಾವತಿ, ಸಿಂಧನೂರಿನ ಕಡೆ ಸಾಗಿದರೆ ಗಿಡಮರಗಳ ಮೆರವಣಿಗೆಯೇ ಬದಲಾಗುತ್ತದೆ. ಸಾಗವಾನಿ ಮೊದಲು ಹಿಂದೆ ಬೀಳುತ್ತದೆ. ಎರೆಹೊಲ ತೆರೆದುಕೊಳ್ಳುತ್ತದೆ, ಬೇವು ಮತ್ತು ಜಾಲಿ ಮುಂದೆ ಬರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಹೊಕ್ಕರೆ ಕಣ್ಣು ಹಾಯುವಷ್ಟು ದೂರ ಭತ್ತ. ಆ ಹಸಿರಿನ ನಡುವೆಯೇ, ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ ತುಂಡು ನೆಲಗಳು ಕಾಣಸಿಗುತ್ತವೆ. ಅಲ್ಲಿ ಕರಿಕೆ ಹುಲ್ಲು, ದಪ್ಪ ಎಲೆಯ ಕುಳ್ಳ ಗಿಡ, ಬಳ್ಳಾರಿ ಜಾಲಿ. ಬೇರೆ ಏನೂ ಇಲ್ಲ. ರೈತರು ಅದನ್ನು ಸವಳು ಎನ್ನುತ್ತಾರೆ. ನೀರು ನಿಂತು ಕೆಟ್ಟದ್ದು ಜವಳು. ಎರಡೂ ಬಹಳ ಸಲ ಜೊತೆಗೇ ಬರುವುದರಿಂದ ಸವಳು-ಜವಳು ಎಂದು ಸೇರಿಸಿಯೇ ಹೇಳುತ್ತಾರೆ. ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ 1969ರಿಂದ ಹರಿಯಾಣದ ಕರ್ನಾಲದಲ್ಲಿ ಕೆಲಸ ಮಾಡುತ್ತಿದೆ. ಅದರ ಲೆಕ್ಕದಲ್ಲಿ ದೇಶದಲ್ಲಿ ಉಪ್ಪಿನಿಂದ ಕೆಟ್ಟ ನೆಲ ಸುಮಾರು 67 ಲಕ್ಷ ಹೆಕ್ಟೇರ್, ಕರ್ನಾಟಕದಲ್ಲಿ ಸುಮಾರು 1.5 ಲಕ್ಷ ಹೆಕ್ಟೇರ್. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವೂ ಈ ರೋಗದ ಬೆನ್ನು ಹತ್ತಿ ದಶಕಗಳಾದವು.

ಉಪ್ಪು ಗಿಡಕ್ಕೆ ಮಾಡುವುದೇನು? ಬೇಸಿಗೆಯಲ್ಲಿ ಅಪ್ಪೆಮಿಡಿಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿಯಾಗಿದ್ದ ಮಿಡಿ ಕೆಲವೇ ದಿನಗಳಲ್ಲಿ ನೀರು ಬಿಟ್ಟು ಮುರುಟುತ್ತದೆ, ಭರಣಿಯಲ್ಲಿ ರಸ ಏರುತ್ತದೆ. ಹೊರಗೆ ಉಪ್ಪು ಹೆಚ್ಚಿದ್ದರೆ ನೀರು ಒಳಗಿಂದ ಹೊರಕ್ಕೆ ಹೋಗುತ್ತದೆ. ಸವಳು ಮಣ್ಣಿನಲ್ಲಿ ಬೇರಿನ ಪಾಡೂ ಇದೇ. ಮಣ್ಣು ಒದ್ದೆಯಾಗಿರುತ್ತದೆ, ಕೆಲವೊಮ್ಮೆ ಕೆಸರೇ ಇರುತ್ತದೆ, ಆದರೂ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ದೂರದಿಂದ ನೋಡಿದವರಿಗೆ ನೀರಿನ ನಡುವೆಯೇ ಗಿಡ ಏಕೆ ಬಾಡಿತು ಎಂದು ಅರ್ಥವಾಗುವುದಿಲ್ಲ. ಕಷ್ಟಪಟ್ಟು ಎಳೆದುಕೊಂಡ ನೀರಿನ ಜೊತೆ ಸೋಡಿಯಂ, ಕ್ಲೋರೈಡ್ ಒಳಗೆ ನುಗ್ಗುತ್ತವೆ. ಎಲೆಯ ಅಂಚು ಸುಡುತ್ತದೆ. ಸೋಡಿಯಂ ಹೆಚ್ಚಿ ಕೆಟ್ಟ ಚೌಳು ನೆಲದಲ್ಲಿ ಇನ್ನೊಂದು ಸಂಕಟವಿದೆ. ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಮಣ್ಣಿನ ಉಸಿರುಗಂಡಿಗಳನ್ನು ಮುಚ್ಚುತ್ತದೆ. ನೀರು ಕೆಳಗಿಳಿಯುವುದಿಲ್ಲ, ಗಾಳಿ ಒಳಗೆ ಹೋಗುವುದಿಲ್ಲ. ಹೊರಗೆ ಎಲ್ಲವೂ ಇದ್ದು ಒಳಗೆ ಏನೂ ದಕ್ಕದ ಸ್ಥಿತಿ ಅದು.

ಮಣ್ಣಿನ ರಸದಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದರ ಮೇಲೆ ವಿಜ್ಞಾನಿಗಳು ಉಪ್ಪನ್ನು ಅಳೆಯುತ್ತಾರೆ. ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಆ ಮಣ್ಣು ಸವಳು ಎಂಬ ಗಡಿಯನ್ನು ಅಮೆರಿಕದ ಲವಣತೆ ಪ್ರಯೋಗಾಲಯ 1954ರ ತನ್ನ ಕೈಪಿಡಿಯಲ್ಲಿ ಹಾಕಿಕೊಟ್ಟಿತು. ಯಾವ ಬೆಳೆ ಎಷ್ಟು ಉಪ್ಪಿನವರೆಗೆ ಇಳುವರಿ ಕಳೆದುಕೊಳ್ಳದೆ ನಿಲ್ಲುತ್ತದೆ ಎಂಬ ಪಟ್ಟಿ ಆಮೇಲೆ ಬಂತು. ಹುರುಳಿಕಾಯಿ 1ಕ್ಕೇ ಸೋಲುತ್ತದೆ. ಉಳ್ಳಾಗಡ್ಡಿ 1.2, ಗೋವಿನಜೋಳ 1.7, ಭತ್ತ 3, ಶೇಂಗಾ 3.2. ಬಿಳಿಜೋಳ 6.8ರವರೆಗೆ, ಹತ್ತಿ 7.7ರವರೆಗೆ, ಜವೆಗೋಧಿ 8ರವರೆಗೆ ತಡೆಯುತ್ತವೆ. ಪ್ರಯೋಗಾಲಯದ ಈ ಅಂಕಿಗಳನ್ನು ಓದದ ರೈತನೂ ಅದೇ ಪಾಠವನ್ನು ಹೊಲದಲ್ಲಿ ಓದುತ್ತಾನೆ. ಸವಳು ಏರುತ್ತಿರುವ ಹೊಲದಲ್ಲಿ ಮೊದಲು ಕಾಯಿಪಲ್ಲೆ ನಿಲ್ಲುತ್ತದೆ, ಆಮೇಲೆ ಗೋವಿನಜೋಳ, ಶೇಂಗಾ. ಕೊನೆಯವರೆಗೂ ಜೋಳ, ಹತ್ತಿ ಕೈ ಹಿಡಿಯುತ್ತವೆ. ಅವೂ ಬಿಟ್ಟಮೇಲೆ ಕರಿಕೆ, ಜಾಲಿ. ಬಸಿಗಾಲುವೆಯ ಒಳಗೆ ಜೊಂಡು. ಯಾವ ಗಿಡ ಹೋಯಿತು, ಯಾವುದು ಬಂತು ಎಂಬುದೇ ಆ ನೆಲದ ಚರಿತ್ರೆ.

ಈ ಚರಿತ್ರೆ ಬಹಳ ಹಳೆಯದು. ಇಂದಿನ ಇರಾಕಿನ ದಕ್ಷಿಣದಲ್ಲಿ, ಸುಮೇರಿಯನ್ನರ ನಾಡಿನಲ್ಲಿ, ಕ್ರಿಸ್ತಪೂರ್ವ 3500ರ ಸುಮಾರಿಗೆ ಗೋಧಿ ಮತ್ತು ಜವೆಗೋಧಿಯನ್ನು ಹೆಚ್ಚುಕಡಿಮೆ ಸಮವಾಗಿ ಬೆಳೆಯುತ್ತಿದ್ದರು. ಸಾವಿರ ವರ್ಷ ಕಳೆಯುವಷ್ಟರಲ್ಲಿ ಗೋಧಿ ಆರನೆಯ ಒಂದು ಪಾಲಿಗೆ ಇಳಿಯಿತು. ಕ್ರಿಸ್ತಪೂರ್ವ 1700ರ ಹೊತ್ತಿಗೆ ಆ ದಕ್ಷಿಣ ಭಾಗದಲ್ಲಿ ಗೋಧಿ ಬಿತ್ತುವುದೇ ನಿಂತಿತ್ತು. ಥಾರ್ಕಿಲ್ಡ್ ಯಾಕಬ್‌ಸನ್ ಮತ್ತು ರಾಬರ್ಟ್ ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಇದನ್ನು ಪ್ರಕಟಿಸಿ, ಕಾಲುವೆಯ ನೀರಿನ ಜೊತೆ ಏರಿದ ಉಪ್ಪೇ ಕಾರಣ ಎಂದು ವಾದಿಸಿದರು. ಮೊದಲ ನಗರಗಳನ್ನು ಕಟ್ಟಿದ ಜನ ದುಡಿಯದವರಾಗಿರಲಿಲ್ಲ. ಅವರ ಕಾಲ ಕೆಳಗಿನ ನೆಲ ಬದಲಾಗಿತ್ತು.

ಹಾಗಾದರೆ ನಮ್ಮ ಪಾಳಾದ ನೆಲವೇಕೆ ಸಿಹಿಯಾಗಿದೆ? ಉತ್ತರ ಆಕಾಶದಲ್ಲಿದೆ. ಗಂಗಾವತಿ, ಸಿಂಧನೂರು ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮ್ಮ ಕಡೆ ಹೆಚ್ಚುಕಡಿಮೆ ಅದರ ಎರಡರಷ್ಟು. ಕಲ್ಲು ಸವೆದು ಮಣ್ಣಾಗುವಾಗ ಎಲ್ಲ ಕಡೆಯೂ ಉಪ್ಪು ಬಿಡುಗಡೆಯಾಗುತ್ತದೆ. ಮಳೆ ಹೆಚ್ಚಿರುವಲ್ಲಿ ಅದು ತೊಳೆದು ಹೋಗುತ್ತದೆ, ಮಳೆ ಕಡಿಮೆ ಇದ್ದು ಬಿಸಿಲು ಹೆಚ್ಚಿರುವಲ್ಲಿ ಉಳಿದುಬಿಡುತ್ತದೆ. ನಮ್ಮ ನೆಲವನ್ನು ಸಾವಿರಾರು ವರ್ಷಗಳ ಮುಂಗಾರು ತೊಳೆದಿದೆ. ತೊಳೆದದ್ದು ಇಲ್ಲವಾಗುವುದಿಲ್ಲ, ಎಲ್ಲಿಗೋ ಹೋಗಿ ಸೇರುತ್ತದೆ. ಮಳಗಿ ಬಳಿಯ ಧರ್ಮಾ ಜಲಾಶಯದ ನೀರು ಹಾನಗಲ್ ಕಡೆ ಹರಿಯುತ್ತದೆ. ಧರ್ಮಾ ನದಿ ವರದೆಯನ್ನು ಸೇರುತ್ತದೆ, ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ, ತುಂಗಭದ್ರೆ ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು ಕಾಲುವೆಗಳಾಗಿ ಕವಲೊಡೆಯುತ್ತದೆ. ನಮ್ಮ ಭಾಗದ ಮಳೆಯ ಒಂದು ಪಾಲು, ನಮ್ಮ ಮಣ್ಣಿನಿಂದ ಕರಗಿದ ಲವಣವನ್ನೂ ಹೊತ್ತು, ಯಾರೋ ಕಾಣದ ರೈತನ ಗದ್ದೆ ಸೇರುತ್ತದೆ. ನಮ್ಮ ನೆಲ ಹಗುರಾದದ್ದು ನಮ್ಮ ಪುಣ್ಯದಿಂದಲ್ಲ. ಭಾರ ಕೆಳಗಿನವರ ಕಡೆ ಇಳಿದಿದೆ.

ಇಲ್ಲಿ ಮಾತು ಹದ ತಪ್ಪಬಾರದು. ಅಲ್ಲಿನ ಉಪ್ಪೆಲ್ಲ ಮೇಲಿನಿಂದ ಹೋದದ್ದಲ್ಲ. ಎರೆ ಮಣ್ಣಿನ ಆಳದಲ್ಲಿ ಮೊದಲಿನಿಂದಲೂ ಲವಣವಿತ್ತು. ಮಳೆಯಾಶ್ರಯದ ಕಾಲದಲ್ಲಿ ಅಂತರ್ಜಲ ಬಹಳ ಕೆಳಗಿತ್ತು, ಉಪ್ಪು ಅಲ್ಲೇ ಮಲಗಿತ್ತು, ಮೇಲೆ ಜೋಳ ಬೆಳೆಯುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಹೆಚ್ಚು ನೆಲಕ್ಕೆ ಸ್ವಲ್ಪ ಸ್ವಲ್ಪ ನೀರು ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಬರದಿಂದ ಕಾಯುವುದು ಯೋಜನೆಯ ಮೂಲ ಉದ್ದೇಶವಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಭತ್ತಕ್ಕೆ ನಿಂತ ನೀರು ಬೇಕು. ಇಂಗಿದ ನೀರು ಎರೆ ಮಣ್ಣಿನಲ್ಲಿ ಬೇಗ ಬಸಿಯುವುದಿಲ್ಲ. ಅಂತರ್ಜಲ ವರ್ಷದಿಂದ ವರ್ಷಕ್ಕೆ ಮೇಲೇರಿ, ಮಲಗಿದ್ದ ಉಪ್ಪನ್ನು ಎಬ್ಬಿಸಿ ಬೇರಿನ ಮಟ್ಟಕ್ಕೆ ತಂದಿತು. ಬಿಸಿಲು ನೀರನ್ನು ಹೀರಿಕೊಂಡು ಉಪ್ಪನ್ನು ಮೇಲೆ ಬಿಟ್ಟಿತು.

ಸಿಹಿ ನೀರೇ ಆದರೂ ಅದರಲ್ಲಿ ಉಪ್ಪಿದೆ ಎಂಬುದನ್ನು ನಾವು ಮರೆಯುತ್ತೇವೆ. ಒಂದು ಲೀಟರ್ ಕಾಲುವೆ ನೀರಿನಲ್ಲಿ ಕಾಲು ಗ್ರಾಂ ಲವಣ ಇದೆ ಎಂದುಕೊಳ್ಳಿ. ಕುಡಿದರೆ ನಾಲಿಗೆಗೆ ತಿಳಿಯದಷ್ಟು ಕಡಿಮೆ ಅದು. ಒಂದು ಹೆಕ್ಟೇರ್ ಗದ್ದೆಗೆ ಹಂಗಾಮಿನಲ್ಲಿ ಒಂದು ಮೀಟರ್ ನೀರು ಹಾಯಿಸಿದರೆ ಅದು ಒಂದು ಕೋಟಿ ಲೀಟರ್. ಅಂದರೆ ಎರಡೂವರೆ ಟನ್ ಉಪ್ಪು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮುಂದಿನ ವರ್ಷ ಇನ್ನೆರಡೂವರೆ ಟನ್. ಯಾರೂ ಯಾರ ಹೊಲಕ್ಕೂ ವಿಷ ಸುರಿದಿಲ್ಲ. ನಾಲಿಗೆಗೆ ತಿಳಿಯದಷ್ಟು ಚಿಕ್ಕದು ವರ್ಷಾನುಗಟ್ಟಲೆ ಒಂದೇ ಕಡೆ ಬಂದು ನಿಂತು ನೆಲವನ್ನು ಕೊಂದಿದೆ. ಸಮಾಜದಲ್ಲಿ ಆಗುವ ಬಹುತೇಕ ಅನ್ಯಾಯಗಳೂ ಹೀಗೇ ಆಗುತ್ತವೆ. ಕ್ರೌರ್ಯ ಮಾಡಿದವರು ಯಾರೂ ಸಿಗುವುದಿಲ್ಲ. ಒಂದು ಸಣ್ಣ ತಿರಸ್ಕಾರ, ಒಂದು ಅರ್ಜಿಯ ವಿಳಂಬ, ಪಂಕ್ತಿಯಲ್ಲಿ ಕೊನೆಯ ಜಾಗ, ಶಾಲೆಯಲ್ಲಿ ಹಿಂದಿನ ಬೆಂಚು. ಕೊಟ್ಟವರಿಗೆ ಅದು ತಿಳಿಯುವುದೇ ಇಲ್ಲ. ಪಡೆದವರ ನೆಲದಲ್ಲಿ ಅದು ತಲೆಮಾರುಗಳ ಕಾಲ ಕೂಡುತ್ತ ಹೋಗುತ್ತದೆ.

ಈಗ ಆ ನೆಲದಲ್ಲಿ ಉಳಿದ ಗಿಡಗಳನ್ನು ನೋಡೋಣ. ಅವು ಹೇಗೆ ಬದುಕಿವೆ ಎಂಬುದನ್ನು ತಿಳಿದರೆ ಯಾರಿಗಾದರೂ ಗೌರವ ಹುಟ್ಟಬೇಕು. ಕೆಲವು ಬೇರಿನ ಬಾಗಿಲಲ್ಲೇ ಉಪ್ಪನ್ನು ತಡೆದು ನೀರನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತವೆ. ಕೆಲವು ಒಳಗೆ ಬಂದ ಉಪ್ಪನ್ನು ಜೀವಕೋಶದ ನಡುವಿನ ರಸಕೋಶದಲ್ಲಿ ಕೂಡಿಹಾಕಿ, ಎಲೆಯನ್ನು ದಪ್ಪವಾಗಿಸಿ, ನೀರು ತುಂಬಿ ಅದನ್ನು ತೆಳುವಾಗಿಸುತ್ತವೆ. ಸವಳು ನೆಲದ ಗಿಡಗಳ ಎಲೆ ರಸಭರಿತವಾಗಿರುವುದು ಇದಕ್ಕೆ. ಅಡುಗೆಗೆ ಕೊಯ್ಯುವ ಗೋಳಿಸೊಪ್ಪು ಕೂಡ ಉಪ್ಪನ್ನು ಚೆನ್ನಾಗಿ ತಾಳುವ ಗಿಡವೇ. ಇನ್ನು ಕೆಲವು ಎಲೆಯ ಮೇಲಿನ ಗ್ರಂಥಿಗಳಿಂದ ಉಪ್ಪನ್ನು ಹೊರಹಾಕುತ್ತವೆ. ನಮ್ಮ ಜಿಲ್ಲೆಯ ಅಘನಾಶಿನಿ ಅಳಿವೆಯ ಕಾಂಡ್ಲಾ ಕಾಡಿನಲ್ಲಿ ಉಪ್ಪಟಿ ಎಲೆಯನ್ನು ನೆಕ್ಕಿದರೆ ಉಪ್ಪುಪ್ಪು. ಮತ್ತೆ ಕೆಲವು ಹಳೆಯ ಎಲೆಗಳಿಗೆ ಉಪ್ಪನ್ನು ತುಂಬಿ, ಆ ಎಲೆಗಳನ್ನೇ ಉದುರಿಸಿ, ಚಿಗುರನ್ನು ಉಳಿಸಿಕೊಳ್ಳುತ್ತವೆ. ತನ್ನ ಅಂಗವನ್ನೇ ಕಳೆದುಕೊಂಡು ಎಳೆಯದನ್ನು ಕಾಯುವ ಕ್ರಮ ಅದು. ಬಡತನದಲ್ಲಿ ಮಕ್ಕಳನ್ನು ಓದಿಸಿದ ಎಷ್ಟೋ ತಾಯಂದಿರಿಗೆ ಈ ಕ್ರಮ ಗೊತ್ತು.

ಇವೆಲ್ಲಕ್ಕೂ ಬೆಲೆ ಇದೆ. ಸೋಡಿಯಂ ಅನ್ನು ಹೊರಗೆ ತಳ್ಳಲು ಗಿಡ ಶಕ್ತಿ ವ್ಯಯಿಸಬೇಕು. ಬೇರಿಗೆ ನೀರು ದಕ್ಕುವಂತೆ ತನ್ನ ರಸವನ್ನು ಗಟ್ಟಿ ಮಾಡಿಕೊಳ್ಳಲು ಸಕ್ಕರೆ, ಪ್ರೋಲಿನ್‌ನಂಥ ವಸ್ತುಗಳನ್ನು ತಯಾರಿಸಬೇಕು. ಬೆಳೆಯಲು, ಹೂ ಬಿಡಲು, ಕಾಳು ಕಟ್ಟಲು ಆಗಬೇಕಾದ ಶಕ್ತಿ ಬರೀ ಜೀವ ಹಿಡಿದುಕೊಳ್ಳುವುದರಲ್ಲೇ ಖರ್ಚಾಗುತ್ತದೆ. ಸವಳು ನೆಲದ ಗಿಡ ಕುಳ್ಳಾಗಿರುವುದು, ನಿಧಾನ ಬೆಳೆಯುವುದು ಇದರಿಂದ. ಅದು ಪಾಳಾದ ಗೋವಿನಜೋಳಕ್ಕಿಂತ ಕಡಿಮೆ ಕೆಲಸ ಮಾಡಿಲ್ಲ, ಹೆಚ್ಚೇ ಮಾಡಿದೆ. ಮಾಡಿದ ಕೆಲಸ ಎತ್ತರವಾಗಿ ಕಾಣುತ್ತಿಲ್ಲ, ಅಷ್ಟೇ. ಮನುಷ್ಯರನ್ನು ಎತ್ತರದಿಂದ ಅಳೆಯುವ ಅಭ್ಯಾಸ ನಮಗೆ ಎಷ್ಟು ಗಟ್ಟಿಯಾಗಿ ಅಂಟಿದೆ! ಪರೀಕ್ಷೆಯ ಅಂಕ, ಕಟ್ಟಿದ ಮನೆ, ಕೊಂಡ ಗಾಡಿ. ಮೈಲಿಗಟ್ಟಲೆ ಕಾಡುದಾರಿ ನಡೆದು ಶಾಲೆಗೆ ಬಂದ ಹುಡುಗಿಯ ಐವತ್ತು ಅಂಕವನ್ನೂ, ಮನೆಪಾಠ ಹೇಳಿಸಿಕೊಂಡ ಹುಡುಗನ ತೊಂಬತ್ತನ್ನೂ ಒಂದೇ ಕೋಲಿನಿಂದ ಅಳೆದು, ಅಳತೆ ನ್ಯಾಯವಾಗಿದೆ ಎಂದು ನೆಮ್ಮದಿಯಿಂದ ಮಲಗುತ್ತೇವೆ.

ಇನ್ನೊಂದು ಸಂಗತಿ ನನ್ನನ್ನು ಬಹುವಾಗಿ ಕಾಡುತ್ತದೆ. ಸವಳು ನೆಲದ ಗಿಡಗಳು ಉಪ್ಪನ್ನು ಇಷ್ಟಪಟ್ಟೇ ಅಲ್ಲಿಗೆ ಬಂದವೇ? ಕೆಲವಕ್ಕೆ ಒಂದಿಷ್ಟು ಉಪ್ಪು ಹಿತ, ನಿಜ. ಆದರೆ ಬಹಳಷ್ಟು ಗಿಡಗಳ ಮಾತು ಬೇರೆ. ಅಮೆರಿಕದ ಈಶಾನ್ಯ ಕರಾವಳಿಯ ಉಪ್ಪು ಜೌಗಿನಲ್ಲಿ ಮಾರ್ಕ್ ಬರ್ಟ್‌ನೆಸ್ ಮತ್ತು ಅವರ ಸಂಗಡಿಗರು 1980, 90ರ ದಶಕಗಳಲ್ಲಿ ಗಿಡಗಳನ್ನು ಕಿತ್ತು ಬೇರೆ ಬೇರೆ ವಲಯಗಳಲ್ಲಿ ನೆಟ್ಟು ನೋಡಿದರು. ಕಷ್ಟದ ವಲಯದಲ್ಲಿ ಬಾಳುತ್ತಿದ್ದ ಗಿಡವನ್ನು ಸುಖದ ವಲಯದಲ್ಲಿ ಒಂಟಿಯಾಗಿ ನೆಟ್ಟಾಗ ಅದು ಹುಲುಸಾಗಿಯೇ ಬೆಳೆಯಿತು. ಅಲ್ಲಿ ಮೊದಲಿನಿಂದ ಬೇರು ಬಿಟ್ಟ ಗಿಡಗಳ ನಡುವೆ ನೆಟ್ಟಾಗ ಅದು ಸೊರಗಿತು. ಅಂದರೆ ಅದು ಕಷ್ಟದ ಜಾಗದಲ್ಲಿ ಇದ್ದದ್ದು ಆ ಜಾಗ ಇಷ್ಟವೆಂದಲ್ಲ. ಒಳ್ಳೆಯ ಜಾಗವನ್ನು ಬೇರೆಯವರು ಹಿಡಿದಿದ್ದರು. ಯಾರೂ ಬಯಸದ ನೆಲ ಮಾತ್ರ ಅದಕ್ಕೆ ಉಳಿದಿತ್ತು.

ಇದನ್ನು ಅರಿತ ಮೇಲೆ ನನ್ನ ಸುತ್ತಲಿನ ಜನರನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರಲ್ಲಿ ಬಹಳ ಜನ ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ದಟ್ಟ ಕಾಡು ಮಾತ್ರ ಆಸರೆಯಾಯಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿದ್ದು 2003ರಲ್ಲಿ. ಎಮ್ಮೆ ಆಕಳು ಕಟ್ಟಿಕೊಂಡು ಕಾಡಿನ ನಡುವೆ ದೊಡ್ಡಿ ಹಾಕಿದ ಗೌಳಿಗರಿದ್ದಾರೆ. ಹಿಮದ ಪ್ರಸ್ಥಭೂಮಿಯನ್ನು ಬಿಟ್ಟು, 1966ರಲ್ಲಿ ನಮ್ಮ ಸೆಕೆಯ ನಾಡಿಗೆ ಬಂದು, ಕಾಡು ಕಡಿದ ನೆಲದಲ್ಲಿ ಊರು ಕಟ್ಟಿಕೊಂಡ ಟಿಬೆಟಿಯನ್ನರಿದ್ದಾರೆ. ಅತ್ತ ಬಯಲುಸೀಮೆಯಲ್ಲಿ, ಯಾರಿಗೂ ಬೇಡವಾದ ಸವಳು ಮಣ್ಣನ್ನು ಬಸಿದು ಉಪ್ಪು ತೆಗೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಉಪ್ಪಾರರಿದ್ದರು. ಬ್ರಿಟಿಷ್ ಸರ್ಕಾರ ಉಪ್ಪಿನ ಏಕಸ್ವಾಮ್ಯ ಹೇರಿ ಆ ಕಸುಬನ್ನೂ ಮುರಿಯಿತು. ಬೇಡದ ನೆಲದಲ್ಲೂ ಅವರನ್ನು ಇರಗೊಡಲಿಲ್ಲ.

ಇವರ ವಿಷಯ ಬಂದಾಗ ನಮ್ಮ ಬಾಯಿಂದ ಸಲೀಸಾಗಿ ಹೊರಡುವ ಮಾತೊಂದಿದೆ: ‘ಅವರಿಗೆ ಅದು ರೂಢಿ ಆಗಿದೆ ಬಿಡ್ರಿ.’ ರಸ್ತೆ ಇಲ್ಲ, ರೂಢಿ ಆಗಿದೆ. ಆಸ್ಪತ್ರೆ ದೂರ, ರೂಢಿ ಆಗಿದೆ. ಪಟ್ಟಾ ಸಿಕ್ಕಿಲ್ಲ, ರೂಢಿ ಆಗಿದೆ. ಕೆಲವೊಮ್ಮೆ ಇದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಎಂಥ ಗಟ್ಟಿ ಜನ, ಎಂಥ ತಾಳ್ಮೆ, ಕಾಡಿನ ಮಕ್ಕಳು ಎನ್ನುತ್ತೇವೆ. ತಾಳ್ಮೆಯನ್ನು ಹೊಗಳುವುದು ತಪ್ಪಲ್ಲ. ಹೊಗಳಿ ಅಲ್ಲಿಗೇ ಮುಗಿಸಿಬಿಡುವುದು ತಪ್ಪು. ಉಪ್ಪನ್ನು ತಾಳುವ ಗಿಡ ಇದೆ ಎಂದು ನೆಲಕ್ಕೆ ಇನ್ನಷ್ಟು ಉಪ್ಪು ಸುರಿಯಲು ಯಾರಿಗೂ ಹಕ್ಕು ಬರುವುದಿಲ್ಲ. ಗಿಡಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನೂ ಮರೆಯಬಾರದು. ಗಿಡಗಳ ನಡುವೆ ಜಾಗದ ಪೈಪೋಟಿ ಪ್ರಕೃತಿಯ ನಿಯಮ. ಕರಿಕೆಗೆ ಜಾಗ ಬಿಟ್ಟುಕೊಡು ಎಂದು ಯಾರೂ ಹುಲುಸಾದ ಹುಲ್ಲಿಗೆ ಬುದ್ಧಿ ಹೇಳಲಾರರು. ಮನುಷ್ಯರಿಗೆ ಹೇಳಬಹುದು. ಒಳ್ಳೆಯ ನೆಲವನ್ನು ಹಿಡಿದವರು ಸರಿದು ಜಾಗ ಮಾಡಿಕೊಡಬಲ್ಲರು. ಅದಕ್ಕೇ ನಾವು ಮನುಷ್ಯರು.

ಕಷ್ಟದ ನೆಲ ಕಲಿಸಿದ ಗುಣವನ್ನು ಬೇಡವೆಂದು ಎಸೆಯುವುದೂ ಅಷ್ಟೇ ಅವಿವೇಕ. ನಮ್ಮದೇ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಮಾಣಿಕಟ್ಟೆಯ ಗಜನಿ ಎಂಬ ಉಪ್ಪುನೀರಿನ ತಗ್ಗು ಭೂಮಿಯಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಅಘನಾಶಿನಿಯ ಉಪ್ಪುನೀರು ನುಗ್ಗಿದರೂ, ಕೆಲವು ದಿನ ಮುಳುಗಿದರೂ ಅದು ಸಾಯುವುದಿಲ್ಲ. ಗೊಬ್ಬರ, ಔಷಧಿ ಕೇಳುವುದಿಲ್ಲ. ಹೆಚ್ಚು ಇಳುವರಿಯ ತಳಿಗಳ ಮುಂದೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಜನಿಗಳು ಸಿಗಡಿ ಸಾಕಣೆಗೆ ತಿರುಗಿ ಕಗ್ಗದ ಪ್ರದೇಶ ಕುಗ್ಗಿತು. ಈಗ ಸಮುದ್ರಮಟ್ಟ ಏರುತ್ತಿದೆ, ನೆಲಕ್ಕೆ ಉಪ್ಪು ನುಗ್ಗುತ್ತಿದೆ, ಉಪ್ಪು ತಾಳುವ ಭತ್ತಕ್ಕಾಗಿ ಜಗತ್ತಿನ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅಂಚಿನಲ್ಲಿ ಬಾಳಿದವರ ಬಳಿ ನಾಳೆ ಎಲ್ಲರಿಗೂ ಬೇಕಾಗುವ ವಿದ್ಯೆ ಇರುತ್ತದೆ. ಆ ವಿದ್ಯೆಯನ್ನು ಕೇಳುವ ಮೊದಲು ಅವರಿಗೆ ಸಲ್ಲಬೇಕಾದದ್ದು ಸಂದಿರಬೇಕು.

ಸವಳು ನೆಲವನ್ನು ಸರಿಪಡಿಸುವುದು ಸಾಧ್ಯ. ಚೌಳು ಮಣ್ಣಿಗೆ ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿದು ಅದನ್ನು ಬಿಡಿಸುತ್ತದೆ. ಡಯಂಚಾ ಎಂಬ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಉಳುಮೆಯಲ್ಲಿ ಸೇರಿಸಿದರೆ ಮಣ್ಣಿಗೆ ಉಸಿರು ಬರುತ್ತದೆ. ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ತೊಳೆಯಬಹುದು. ಇವೆಲ್ಲವೂ ಒಂದು ಷರತ್ತಿಗೆ ಬದ್ಧ: ತೊಳೆದ ನೀರು ಹೊರಗೆ ಹೋಗಲು ದಾರಿ ಇರಬೇಕು. ಅದಕ್ಕೆ ಬಸಿಗಾಲುವೆ ತೋಡಬೇಕು, ಇಲ್ಲವೇ ನೆಲದ ಒಳಗೆ ತೂತಿನ ಕೊಳವೆಗಳನ್ನು ಹಾಸಬೇಕು. ಇದನ್ನು ಒಬ್ಬ ರೈತ ಒಬ್ಬಂಟಿಯಾಗಿ ಮಾಡಲಾರ. ಅವನ ಬಸಿನೀರು ಕೆಳಗಿನವನ ಹೊಲದ ಮೂಲಕವೇ ಹಾಯಬೇಕು. ಮೇಲಿನವನು ನೀರು ಕಡಿಮೆ ಬಳಸಬೇಕು, ನಡುವಿನವನು ಕಾಲುವೆಗೆ ಜಾಗ ಬಿಡಬೇಕು, ಕೆಳಗಿನವನು ಹಳ್ಳದ ಹೂಳು ತೆಗೆಯಬೇಕು. ಮೂವರೂ ಒಂದೇ ಕಡೆ ಕೂತು ಮಾತಾಡದೆ ಒಂದು ಎಕರೆ ಸವಳೂ ಸಿಹಿಯಾಗುವುದಿಲ್ಲ.

ನೀರು ತರುವ ಉತ್ಸಾಹ ನಮಗೆ ಎಂದೂ ಕಡಿಮೆಯಾಗಿಲ್ಲ. ಅಣೆಕಟ್ಟಿಗೆ ಬಾಗಿನ ಅರ್ಪಿಸುತ್ತೇವೆ, ಕಾಲುವೆಗೆ ನೀರು ಬಿಡುವ ದಿನ ಹಬ್ಬ ಮಾಡುತ್ತೇವೆ. ಬಸಿಗಾಲುವೆಗೆ ಹೂ ಏರಿಸಿದವರನ್ನು ಕಂಡಿಲ್ಲ. ಬೇಡ್ತಿ ನದಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ವರ್ಷಗಳಿಂದ ವಾದ ನಡೆದಿದೆ. ನಮ್ಮ ಕಡೆಯವರು ಕಾಡು ಹೋಗುತ್ತದೆ ಎಂದು ಕಳವಳ ಪಡುತ್ತಾರೆ, ಅತ್ತ ಕಡೆಯವರು ಬಾಯಾರಿಕೆಯ ಮಾತಾಡುತ್ತಾರೆ. ಎರಡೂ ಸಂಕಟಗಳು ನಿಜ. ಆದರೆ ನೀರು ಹೋದ ನೆಲದಿಂದ ಬಸಿದು ಹೊರಬರುವ ದಾರಿ ಯಾವುದು, ಅಲ್ಲಿ ಈಗಾಗಲೇ ಸವಳಾದ ಹೊಲಗಳ ಗತಿ ಏನು ಎಂಬ ಪ್ರಶ್ನೆ ಎರಡೂ ಕಡೆ ಜೋರಾಗಿ ಕೇಳಿಬರುವುದಿಲ್ಲ. ಕೊಡುವುದು ಎಷ್ಟು ಮುಖ್ಯವೋ, ಕೊಟ್ಟದ್ದು ಪಡೆದವನನ್ನು ಮುಳುಗಿಸದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ದಾನಕ್ಕೂ ಇದು ಸಲ್ಲುತ್ತದೆ, ಸರ್ಕಾರದ ಯೋಜನೆಗೂ ಸಲ್ಲುತ್ತದೆ, ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಗೂ ಸಲ್ಲುತ್ತದೆ.

ತೊಳೆದ ನೆಲದ ಮೇಲೆ ನಿಂತವರ ಮೇಲೆ ಎರಡು ಋಣಗಳಿವೆ. ಒಂದು, ನಮ್ಮ ಹಸಿರನ್ನು ನಮ್ಮ ಗುಣವೆಂದು ಭ್ರಮಿಸದಿರುವುದು. ಇನ್ನೊಂದು, ನಮ್ಮಿಂದ ಇಳಿದ ಭಾರ ಯಾರ ಹೊಲದಲ್ಲಿ ಕೂತಿದೆ ಎಂದು ವಿಚಾರಿಸುವುದು. ಎರಡನೆಯದು ಕಷ್ಟದ ಕೆಲಸ. ನಮ್ಮ ಮನೆಯ ಕಸ, ನಮ್ಮ ಊರಿನ ಕೊಳಚೆ, ನಮ್ಮ ಜಾತಿಯ ಗರ್ವ, ನಮ್ಮ ಕಚೇರಿಯ ಆಲಸ್ಯ ಇವೆಲ್ಲ ಇಳಿಜಾರಿನಲ್ಲೇ ಹರಿಯುತ್ತವೆ. ಮೇಲೆ ಕೂತವರಿಗೆ ಅವು ಕಣ್ಣಿಗೆ ಬೀಳುವುದಿಲ್ಲ. ಅವುಗಳನ್ನು ಕಾಣಬೇಕೆಂದರೆ ಕೆಳಗಿಳಿದು ಕೊನೆ ಭಾಗದವರ ಹೊಲದಲ್ಲಿ ನಿಂತು ನೋಡಬೇಕು.

ಓದುಗರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ನಿಮ್ಮ ಊರಿನಲ್ಲಿ ಯಾರನ್ನಾದರೂ ಸೋಮಾರಿ, ದಡ್ಡ, ಹಿಂದುಳಿದವ ಎನ್ನುವ ಮಾತು ನಿಮ್ಮ ನಾಲಿಗೆಗೆ ಬಂದಾಗ ಅದನ್ನು ಅಲ್ಲೇ ತಡೆಯಿರಿ. ಮೊದಲು ಅವರು ನಿಂತ ನೆಲದ ಉಪ್ಪು ಎಷ್ಟು ಎಂದು ಕೇಳಿ. ಆಮೇಲೆ ಆ ಉಪ್ಪು ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ನಿಮ್ಮ ಮನೆಯ ಕಡೆಗೇ ಕೈ ತೋರಿಸಿದರೆ ಮುಖ ತಿರುಗಿಸಬೇಡಿ. ಅವರೊಂದಿಗೆ ಕೂಡಿ ಬಸಿಗಾಲುವೆ ತೋಡಲು ಮುಂದಾಗಿ.